ಅಜ್ಜಿಯ ಫೋನು, ಅರ್ಧ ಒಡಪು

ಹೋದ ಗುರುವಾರ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಮುದಗಲ್ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ, ಅದರ ಮೇಲೆ ಗುರೆಳ್ಳು ಚಟ್ನಿ. ಆ ವಾಸನೆ ಬಂದದ್ದೇ ನನ್ನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. ಗುರೆಳ್ಳಿನ ವಾಸನೆಗೆ ಬೇರೆಯವರಿಗೆ ಊಟ ನೆನಪಾಗುತ್ತದೆ. ನನಗೆ ಫೋನು ನೆನಪಾಗುತ್ತದೆ.

ನಮ್ಮಜ್ಜಿ ತನ್ನ ಫೋನನ್ನು ಇಡುವುದು ಅಡುಗೆಮನೆಯ ಗೋಡೆಯ ಮಾಡದಲ್ಲಿರುವ ಹಳೆಯ ಗುರೆಳ್ಳು ಡಬ್ಬಿಯಲ್ಲಿ. ಎಷ್ಟು ತೊಳೆದರೂ ಆ ಡಬ್ಬಿಯ ವಾಸನೆ ಹೋಗಿಲ್ಲ. ಫೋನಿನ ಸಣ್ಣ ತೂತುಗಳಲ್ಲೆಲ್ಲ ಪುಡಿ ಕೂತು, ಯಾರು ಮಾತಾಡಿದರೂ ಚಟ್ನಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಎರಡು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿ ಆ ಫೋನಿನ ಮೇಲೆ ಮೊಕದ್ದಮೆ ನಡೆಯಿತು. ವಕೀಲೆ ನಾನು. ಬಿ.ಎಡ್. ಮುಗಿಸಿ, ಫಲಿತಾಂಶಕ್ಕೆ ಕಾಯುತ್ತಾ, ಮಸ್ಕಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಆ ಮಳೆಗಾಲದ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಎಡಕ್ಕೆ ತಾರೀಖು, ನಡುವೆ ಏನಾಯಿತೆಂಬುದು, ಬಲಕ್ಕೆ ಪಾಸು ಅಥವಾ ನಾಪಾಸು.

ಮೊದಲ ಪುಟದಲ್ಲಿರುವುದು ನಮ್ಮ ಓಣಿಯ ನಿವೃತ್ತ ಮೇಷ್ಟ್ರ ಸುದ್ದಿ. ಜೂನ್ ಮೊದಲ ವಾರ, ಮಿರಗದ ಮಳೆ ಒಂದು ಸಲ ಬಂದು ಹೋಗಿತ್ತು. ಮೇಷ್ಟ್ರಿಗೆ ಮಗನ ದನಿಯಲ್ಲಿ ಫೋನ್ ಬಂತು. ಅಪಘಾತವಾಗಿದೆ, ದವಾಖಾನೆಯಲ್ಲಿದ್ದೇನೆ, ಈಗಲೇ ರೊಕ್ಕ ಹಾಕಿ ಎಂದು ಅಳು. ಮೇಷ್ಟ್ರು ಇದ್ದದ್ದನ್ನೆಲ್ಲ ಕಳಿಸಿದರು. ಅರ್ಧ ಗಂಟೆಗೆ ಮಗ ಪುಂಡಿಪಲ್ಲೆ ಹಿಡಿದುಕೊಂಡು ಸಂತೆಯಿಂದ ಮನೆಗೆ ಬಂದ. ಅತ್ತದ್ದು ಮಗನಲ್ಲ, ಅವನ ದನಿ ಕದ್ದ ಯಂತ್ರ ಎಂದು ಗೊತ್ತಾಗುವಷ್ಟರಲ್ಲಿ ರೊಕ್ಕ ಹೋಗಿತ್ತು.

ಮರುದಿನವೇ ಸಿಂಧನೂರಿನಿಂದ ಕಾಕಾ ಬಂದರು. ಕಾಕಾ ಅಂದರೆ ಅಪ್ಪನ ತಮ್ಮ. ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಅವರು ನಕ್ಕಿದ್ದನ್ನು ನಾನು ಆವರೆಗೆ ನಾಲ್ಕು ಸಲ ನೋಡಿದ್ದೆ, ಅದರಲ್ಲಿ ಎರಡು ಫೋಟೋದಲ್ಲಿ. ಚಹಾ ಮುಟ್ಟದೆ ಫೈಸಲಾ ಹೇಳಿದರು. “ಅವ್ವನ ಕೈಯಾಗ ಫೋನ್ ಬ್ಯಾಡ. ಹಾಲಿನ ರೊಕ್ಕ ಎಲ್ಲಾ ಅದರಾಗ ಬರತೈತಿ. ಯಾವನರ ನನ್ನ ದನಿಲೆ ಅತ್ತರ ಎಮ್ಮಿ ಮಾರಿ ಕಳಸ್ತಾಳ ಅಕಿ. ಮನಿಯಾಗ ಇಷ್ಟ್ ಮಂದಿ ಅದೀರಿ, ಅಕಿಗ್ಯಾಕ ಬೇಕು?”

ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಒಂದೇ ಮಾತು ಕೇಳಿದಳು. “ಹಂಗಾರ ನಾಕು ಗಂಟೆಕ್ಕ?”

ನಾಲ್ಕು ಗಂಟೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮುದಗಲ್‌ನಲ್ಲಿರುವ ಸಣ್ಣಜ್ಜಿ, ಅಂದರೆ ಅಜ್ಜಿಯ ತಂಗಿ, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ದಿನಾ ನಾಲ್ಕಕ್ಕೆ ಇಬ್ಬರೂ ವಿಡಿಯೋದಲ್ಲಿ ಕೂಡುತ್ತಿದ್ದರು. ಇವಳಿಗೆ ಅವಳ ಹಣೆ ಮಾತ್ರ ಕಾಣುತ್ತಿತ್ತು, ಅವಳಿಗೆ ನಮ್ಮ ಮಾಳಿಗೆಯ ಜಂತಿ. ಆದರೂ ಮಾತು ನಲವತ್ತು ನಿಮಿಷಕ್ಕೆ ಕಡಿಮೆ ಇರುತ್ತಿರಲಿಲ್ಲ. ಬೇರೆಯವರ ಫೋನಿನಲ್ಲಿ ಆ ಮಾತು ಆಡಲಿಕ್ಕಾಗದು, ಏಕೆಂದರೆ ಅದರಲ್ಲಿ ಅರ್ಧಕ್ಕರ್ಧ ಆ ಬೇರೆಯವರ ಮೇಲಿನ ಚಾಡಿಯೇ.

ನಾನು ನಡುವೆ ಬಾಯಿ ಹಾಕಿದೆ. ಮಹಾನವಮಿಯವರೆಗೆ ಸಮಯ ಕೊಡಿ, ನಾನು ಕಲಿಸುತ್ತೇನೆ, ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದೆ. ಕಾಕಾ ಗೊಬ್ಬರದ ಚೀಲ ಎಣಿಸುವ ಮುಖ ಮಾಡಿಕೊಂಡು ಒಪ್ಪಿದರು. ಮೂರು ಪರೀಕ್ಷೆ, ಒಂದರ ಮೇಲೊಂದು ಪಾಸಾಗಬೇಕು. ನಡುವೆ ಒಂದು ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ.

ಪರೀಕ್ಷೆ ಮಾಡಲು ಇಮ್ರಾನ್‌ನನ್ನು ಹಿಡಿದೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ಸಿಂಧನೂರಿನಲ್ಲಿ ಮೊಬೈಲ್, ಟಿವಿ ರಿಪೇರಿ ಮಾಡುತ್ತಾನೆ. ಯಾರದಾದರೂ ದನಿ ಸ್ವಲ್ಪ ಸಿಕ್ಕರೆ ಸಾಕು, ಅದರಿಂದ ಏನು ಬೇಕಾದರೂ ಆಡಿಸಬಹುದು ಎಂದು ವಿವರಿಸಿದವನೂ ಅವನೇ. “ನಿಮ್ಮ ಕಾಕಾರ ದನಿ ಅಂತೂ ಪುಕ್ಕಟ ಸಿಗತೈತಿ. ದಿನಾ ಬೀಜದ ಚೀಲ ಹಿಡಕೊಂಡು ಸ್ಟೇಟಸ್ ಹಾಕ್ತಾರಲ್ಲ” ಅಂದ.

ಮೊದಲ ಉಪಾಯ ನನ್ನದು: ಗುಟ್ಟಿನ ಶಬ್ದ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಶಬ್ದ, ತುರ್ತು ಎಂದು ಫೋನ್ ಬಂದರೆ ಅಜ್ಜಿ ಅದನ್ನು ಕೇಳಬೇಕು. ಯಾರೂ ಮರೆಯಬಾರದೆಂದು ಅಜ್ಜನ ಹೆಸರನ್ನೇ ಇಟ್ಟೆ: ಶರಣಪ್ಪ. ಬಹಳ ವಿಚಾರ ಮಾಡಿ ಇಟ್ಟದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಐವತ್ತೆರಡು ವರ್ಷದ ಸಂಸಾರದಲ್ಲಿ ಅಜ್ಜಿ ಆ ಹೆಸರನ್ನು ಒಮ್ಮೆಯೂ ಬರಿದೇ ಬಾಯಿಂದ ಅಂದವಳಲ್ಲ ಎಂಬುದು ಆ ವಿಚಾರದಲ್ಲಿ ಬರಲೇ ಇಲ್ಲ. ನಾನು ಹೇಳಿಕೊಡುವಾಗ ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಹೊರಸಿನ ಮೇಲಿದ್ದ ಅಜ್ಜ ಗೋಡೆಯ ಕಡೆ ತಿರುಗಿದ.

ಮೊದಲ ಪರೀಕ್ಷೆ. ಇಮ್ರಾನ್ ನನ್ನ ಅಪ್ಪನಾಗಿ ಫೋನ್ ಮಾಡಿ, ನೆಗಡಿಯಾಗಿ ದನಿ ಕೂತಿದೆ, ಜಲ್ದಿ ರೊಕ್ಕ ಬೇಕು ಎಂದ. ಅಜ್ಜಿ ನಾನು ಕಲಿಸಿದಂತೆಯೇ ಗುಟ್ಟಿನ ಶಬ್ದ ಕೇಳಿದಳು. ಅವನು ಮರೆತಿದ್ದೇನೆ ಎಂದ. ಅಜ್ಜಿಗೆ ಸಿಟ್ಟು ಬಂತು. “ನಿಮ್ಮಪ್ಪನ ಹೆಸರು ಮರತೀಯೇನಲೇ? ಮಠಕ್ಕ ಹೋದಾಗ ಕೈ ಮುಗದು ಏನಂತೀವಿ? ಅದಕ್ಕೊಂದು ಅಪ್ಪ ಹಚ್ಚು.”

ಅವನು ಹಚ್ಚಿದ. ನಾಪಾಸು.

ಎರಡನೆಯ ಪರೀಕ್ಷೆಯಲ್ಲಿ ಇಮ್ರಾನ್ ಬ್ಯಾಂಕಿನ ಸಾಹೇಬನಾದ. ಅಜ್ಜಿ ಮೊದಲು ಅವನು ಉಂಡನೋ ಇಲ್ಲವೋ ಕೇಳಿದಳು. ಆಮೇಲೆ ಮಳೆ, ಆಮೇಲೆ ಮಕ್ಕಳು. ಲಗ್ನವಾಗಿಲ್ಲ ಎಂದದ್ದಕ್ಕೆ ಮರುಗಿ, ಪಂಚಮಿಗೆ ಉಂಡಿ ತಿನ್ನಲು ಮನೆಗೆ ಬಾ ಎಂದು ಬಸ್ ಇಳಿಯುವ ಜಾಗದಿಂದ ನಮ್ಮ ಬಾಗಿಲಿನವರೆಗೂ ದಾರಿ ಹೇಳಿದಳು. ನಾಪಾಸು. ಬಲಬದಿಯಲ್ಲಿ ಇಮ್ರಾನ್‌ನ ಟಿಪ್ಪಣಿಯನ್ನೂ ಬರೆದುಕೊಂಡಿದ್ದೇನೆ: ಕಳ್ಳನಾದರೂ ಎರಡನೇ ಸಲ ಇವರಿಗೆ ಮೋಸ ಮಾಡಲಿಕ್ಕೆ ಮನಸ್ಸು ಬರಲಿಕ್ಕಿಲ್ಲ. ಅವನು ಪಂಚಮಿಗೆ ಬಂದು ಏಳು ಉಂಡಿ ತಿಂದು ಹೋದ.

ಜುಲೈ ಮುಗಿಯುವಷ್ಟರಲ್ಲಿ ನಾಪಾಸು ಐದಾಯಿತು, ಪಾಸು ಸೊನ್ನೆ. ಕಾಲುವೆಗೆ ನೀರು ಬಿಟ್ಟರು. ಸಿಂಧನೂರಿನ ಕಡೆ ಭತ್ತದ ನಾಟಿ ಶುರುವಾಗಿ ಕಾಕಾಗೆ ಅಂಗಡಿಯಲ್ಲಿ ಕೆಮ್ಮಲಿಕ್ಕೂ ಪುರುಸೊತ್ತಿರಲಿಲ್ಲ, ಆದರೂ ವಾರಕ್ಕೊಮ್ಮೆ ಫೋನ್ ಮಾಡಿ ಎಣಿಕೆ ಕೇಳುತ್ತಿದ್ದರು. ನಾನು ಸುಳ್ಳು ಹೇಳಲಿಲ್ಲ. ಅಜ್ಜಿಯೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಆದರೆ ನಾಲ್ಕರ ಮಾತು ಐವತ್ತು ನಿಮಿಷವಾಯಿತು, ಆಮೇಲೆ ಅರವತ್ತು. ಮುಂದೆ ಸಿಗದ ಮಾತನ್ನು ಮೊದಲೇ ಆಡಿ ಮುಗಿಸುವವರ ಹಾಗೆ.

ಶ್ರಾವಣದ ಎರಡನೇ ಸೋಮವಾರ ಓಣಿಯಲ್ಲಿ ಒಂದು ಸೀಮಂತ. ಹೆಂಗಸರೆಲ್ಲ ಬಸುರಿಯನ್ನು ಕೂರಿಸಿ, ಒಡಪು ಹೇಳು ಎಂದು ಗಂಟುಬಿದ್ದರು. ಗಂಡನ ಹೆಸರನ್ನು ಬರಿದೇ ಹೇಳಬಾರದು, ಎರಡು ಸಾಲಿನ ಪದದಲ್ಲಿ ಸುತ್ತಿ ಹೇಳಬೇಕು. ಹೇಳುವವರೆಗೆ ಬಾಗಿಲು ಬಿಡುವುದಿಲ್ಲ. ಎಲ್ಲರದೂ ಮುಗಿದ ಮೇಲೆ ಅಜ್ಜಿಯ ಸರದಿ ಬಂತು. ಅವಳು ಅಲ್ಲೇ ಕಟ್ಟಿದಳು:

“ಗುರೆಳ್ಳ ಚಟ್ನಿಗೆ ಬೆಳ್ಳುಳ್ಳಿ ಜೋಡಿ,
ಶರಣಪ್ಪನವರ ಹೆಸರು ಹೇಳತೀನಿ ನಿಮ್ಮ ಮಾರಿ ನೋಡಿ.”

ಮನೆಗೆ ಬರುವಾಗ ದಾರಿಯಲ್ಲೇ ನಿಂತಳು. “ಏ ಸಹನಾ. ನಿನ್ನ ಗುಟ್ಟಿನ ಶಬ್ದ ಒಂಟಿ ಎತ್ತು ಇದ್ದಂಗ ಬೇ, ಯಾವನೂ ಹೊಡಕೊಂಡು ಹೋಗತಾನ. ಒಡಪು ಜೋಡೆತ್ತು. ಅರ್ಧ ನಾ ಹೇಳತೀನಿ, ಉಳದರ್ಧ ಅವರು ಹೇಳಲಿ. ಒಬ್ಬೊಬ್ಬರಿಗೆ ಒಂದೊಂದು. ಯಾವ ಮಷೀನು ಹೇಳತೈತಿ ನೋಡೂಣು.”

ಆ ರಾತ್ರಿಯ ಅಡುಗೆ ತಡವಾಯಿತು, ಏಕೆಂದರೆ ಅಜ್ಜಿ ಒಲೆಯ ಮುಂದೆ ಕೂತು ಮನೆಯವರಿಗೆಲ್ಲ ಒಡಪು ಹಂಚಿದಳು. ಲಗ್ನವಾದವರಿಗೆ ಹೆಂಡತಿ ಅಥವಾ ಗಂಡನ ಹೆಸರು, ಆಗದವರಿಗೆ ಅಜ್ಜನದು. ನನ್ನ ಪಾಲಿಗೆ ಬಂದದ್ದು: “ಎಣ್ಣಿ ಬದನಿಕಾಯಿಗೆ ಜ್ವಾಳದ ರೊಟ್ಟಿ, ಶರಣಪ್ಪಜ್ಜನ ಮೊಮ್ಮಗಳು ಲೆಕ್ಕದಾಗ ಗಟ್ಟಿ.” ಅಪ್ಪ ನಾಚಿಕೊಂಡೇ ಕಲಿತರು. ಅಜ್ಜನಿಗೆ ಕಿವಿ ಮಂದ. ಆದರೆ ಅಜ್ಜಿ ಗುರೆಳ್ಳ ಚಟ್ನಿ ಎಂದು ಶುರು ಮಾಡಿದರೆ ಸಾಕು, ಹೊರಸಿನ ಮೇಲೆ ನೆಟ್ಟಗೆ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದ.

ಸಣ್ಣಜ್ಜಿ ಮಾತ್ರ ಒಪ್ಪಲಿಲ್ಲ. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅಂದಿನಿಂದ ಯಾವ ಮನೆಯಲ್ಲೂ ಯಾರೂ ಅವಳನ್ನು ಒಡಪು ಕೇಳಿರಲಿಲ್ಲ. ಮುತ್ತೈದೆಯರು ಹೇಳುವುದನ್ನು ನನಗೆ ಯಾಕೆ ಹಚ್ಚುತ್ತೀ ಎಂದಳು. ಅಜ್ಜಿ ಜಂತಿ ತೋರಿಸುತ್ತಿದ್ದ ಫೋನನ್ನು ಮುಖದ ಹತ್ತಿರ ತಂದುಕೊಂಡಳು. “ಮಷೀನಿಗೆ ಮುತ್ತೈದಿ ಯಾರು, ಅಲ್ಲದಾಕಿ ಯಾರು ಅಂತ ಗೊತ್ತೈತೇನು? ನಿನ್ನ ದನಿನೂ ಕದೀತಾರ. ಹೇಳವ್ವ ನೀನು.” ಆಮೇಲೆ ಮುದಗಲ್ ಕೋಟೆಯನ್ನು ಹಿಡಿದು ತಾನೇ ಮೊದಲರ್ಧ ಹೇಳಿದಳು: ಮುದಗಲ್ ಕೋಟಿ ಕಲ್ಲು ಇನ್ನಾ ಗಟ್ಟಿ ಐತಿ.

ಆ ಕಡೆ ಸಣ್ಣಜ್ಜಿ ಯಾರಿಗೋ ಫ್ಯಾನ್ ಆರಿಸಲು ಹೇಳಿದಳು. ಕಡೆಗೆ ಹಣೆ ಅಲುಗಿತು. “ವೀರಭದ್ರಪ್ಪನವರ ಹೆಸರು ಇನ್ನಾ ನಾಲಿಗಿ ಮ್ಯಾಲೈತಿ.”

ಅವತ್ತು ನಾಲ್ಕರ ಮಾತು ಆರು ನಿಮಿಷಕ್ಕೆ ಮುಗಿಯಿತು. ಮರುದಿನ ಸಣ್ಣಜ್ಜಿ ಫೋನ್ ಎತ್ತಿದ ಕೂಡಲೇ, ಕೇಳುವ ಮೊದಲೇ ಹೇಳಿದಳು. ಅದರ ಮರುದಿನವೂ.

ಇನ್ನು ಕಾಕಾ. ಅವರಿಗೆ ಅಜ್ಜಿ ಕಟ್ಟಿದ ಒಡಪು ಮನೆಯಲ್ಲೆಲ್ಲ ಚೆಂದದ್ದು: “ಕಾಲುವಿಗೆ ನೀರು ಬಂತು ನಸುಕಿನ್ಯಾಗ, ಸುಮಂಗಲಾ ನಕ್ಕರ ದೀಪ ಮನಿಯಾಗ.” ಸುಮಂಗಲಾ ಎಂದರೆ ನನ್ನ ಚಿಗವ್ವ, ಕಾಕಾನ ಹೆಂಡತಿ. ಕಾಕಾ ಹೆಂಡತಿಯನ್ನು ಕರೆಯುವುದು “ಏ, ಇಲ್ಲಿ ಕೇಳು” ಎಂದು. ಅಂಗಡಿಯಲ್ಲಿ ಹತ್ತು ಜನ ರೈತರ ನಡುವೆ ಕೂತವನು ಇಂಥದ್ದನ್ನು ಹೇಳಿದರೆ ಬಜಾರದಲ್ಲಿ ಇಜ್ಜತ್ ಉಳಿಯುತ್ತದೆಯೇ ಎಂದು ಖಡಕ್ಕಾಗಿ ನಿರಾಕರಿಸಿದರು. ಅಜ್ಜಿಯೂ ಖಡಕ್ಕು. ಕಾಕಾ ಫೋನ್ ಮಾಡಿ “ಅವ್ವಾ, ನಾನು” ಎಂದರೆ ಇವಳು “ಕಾಲುವಿಗೆ ನೀರು ಬಂತು ನಸುಕಿನ್ಯಾಗ” ಎನ್ನುವಳು. ಅವರು “ನಾನ ಅದೀನವ್ವ” ಎನ್ನುವರು. “ಎಲ್ಲಾರೂ ಹಂಗ ಅಂತಾರ” ಎಂದು ಇವಳು ಕತ್ತರಿಸುವಳು. ಆಗಸ್ಟ್ ಒಂದೇ ತಿಂಗಳಲ್ಲಿ ಹೀಗೆ ಹನ್ನೊಂದು ಸಲ ಕತ್ತರಿಸಿದ್ದಾಳೆ. ಕಡೆಗೆ ಕಾಕಾ ನನ್ನ ಫೋನಿಗೆ ಮಾಡಿ ತಾಯಿಯ ಆರೋಗ್ಯ ವಿಚಾರಿಸತೊಡಗಿದರು.

ಇಮ್ರಾನ್‌ನ ಪರೀಕ್ಷೆಗಳಲ್ಲಿ ಅಜ್ಜಿ ಈಗ ಸುಲಭವಾಗಿ ಪಾಸಾಗುತ್ತಿದ್ದಳು. ಗಣಪತಿ ಹಬ್ಬಕ್ಕೆ ಮುಂಚೆ ಒಂದು, ಹಬ್ಬ ಕಳೆದು ಒಂದು. ಇನ್ನೊಂದಾದರೆ ಮುಗಿಯಿತು. ಮೂರನೆಯದಕ್ಕೆ ಕಾಕಾರ ದನಿಯನ್ನೇ ಯಂತ್ರದಲ್ಲಿ ಮಾಡಿಸುತ್ತೇನೆ, ಯಾವ ದಿನ ಎಂದು ನಿನಗೂ ಹೇಳುವುದಿಲ್ಲ ಎಂದಿದ್ದ ಇಮ್ರಾನ್.

ಸೆಪ್ಟೆಂಬರ್ ಕೊನೆಯ ಶನಿವಾರ, ಹನ್ನೊಂದು ಗಂಟೆಯ ಸುಮಾರು, ಹೊರಗೆ ಜಿಟಿಜಿಟಿ ಮಳೆ. ಡಬ್ಬಿಯೊಳಗೆ ಫೋನ್ ಬಡಿದುಕೊಂಡಿತು. ಹೊಸ ನಂಬರು. ಅಜ್ಜಿ ಸ್ಪೀಕರಿಗೆ ಹಾಕಿದಳು.

“ಅವ್ವಾ, ನಾನು. ಗಾಡಿ ಒಬ್ಬರಿಗೆ ಬಡದೈತಿ ಅವ್ವಾ, ಪೊಲೀಸರು ಹಿಡಕೊಂಡಾರ” ಎಂದು ಅಳು. ಕಾಕಾನದೇ ದನಿ, ಚೂರೂ ವ್ಯತ್ಯಾಸವಿಲ್ಲ. ನಾನು ಇಮ್ರಾನ್‌ನ ಕೆಲಸ ಮೆಚ್ಚಿ ನೋಟ್‌ಬುಕ್ ಬಿಚ್ಚಿದೆ. ಹಸಿರು ಪೆನ್ನನ್ನೂ ತೆಗೆದೆ.

ಅಜ್ಜಿ ಕಾಲುವೆ ನೀರಿನ ಸಾಲು ಹೇಳಿದಳು. ದನಿ ಸುಮ್ಮನಾಯಿತು, ಮತ್ತೆ ಅತ್ತಿತು. ಅವಳು ಮತ್ತೊಮ್ಮೆ ಹೇಳಿದಳು. ಆಗ ಬೇರೊಬ್ಬ ಫೋನ್ ತೆಗೆದುಕೊಂಡು, ತಾನು ಸಬ್‌ಇನ್‌ಸ್ಪೆಕ್ಟರ್, ಕೇಸ್ ಆಗಬಾರದು ಅಂದರೆ ಈಗಲೇ ಹಣ ಕಳಿಸಿ ಎಂದು ಗದರಿದ.

“ಸಾಹೇಬ್ರ,” ಅಂದಳು ಅಜ್ಜಿ, “ನಿಮ್ಮ ಮನಿಯವ್ರ ಹೆಸರಿಟ್ಟು ನೀವರ ಒಂದು ಒಡಪು ಹೇಳ್ರಿ. ಆಮ್ಯಾಲ ರೊಕ್ಕದ ಮಾತು.”

“ಏನು ಹೇಳಬೇಕು?” ಅಂದ ಅವನು. ಅವನ ಹಿಂದೆ ಯಾರೋ ಏನೋ ಕೇಳಿದರು, ಇವನು ಗೊತ್ತಿಲ್ಲ ಎಂದ. ಫೋನ್ ಕಟ್ ಆಯಿತು.

ನಾನು ಹಸಿರು ಪೆನ್ನಿನಲ್ಲಿ ದೊಡ್ಡದಾಗಿ ಪಾಸು ಎಂದು ಬರೆದು, ಮೂರು ಗೆರೆ ಎಳೆದು, ತಲೆ ಎತ್ತಿದೆ. ಅಜ್ಜಿ ಫೋನನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದಳು.

“ಅಳಾಕತ್ತಿದ್ದ ಬೇ.”

ಅದು ಕಾಕಾ ಅಲ್ಲ, ಇಮ್ರಾನ್ ಮಾಡಿದ ಪರೀಕ್ಷೆ ಎಂದು ನಗುತ್ತಾ ಹೇಳಿದೆ. ನಂಬಿಸಲು ಅವಳ ಎದುರೇ ಇಮ್ರಾನ್‌ಗೆ ಫೋನ್ ಹಚ್ಚಿ, ಇನ್‌ಸ್ಪೆಕ್ಟರ್ ಪಾತ್ರ ಬಹಳ ಚಂದ ಮಾಡಿದೆ ಎಂದೆ. ಇಮ್ರಾನ್ ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನಲ್ಲಿ ಯಾರದೋ ಮನೆಯ ಟಿವಿ ಬಿಚ್ಚಿಕೊಂಡು ಕೂತಿದ್ದ. “ಯಾವ ಇನ್‌ಸ್ಪೆಕ್ಟರ್? ನಾ ಇವತ್ತು ಫೋನ್ ಮಾಡಿಲ್ಲಲ್ಲ” ಅಂದ.

ಅಜ್ಜಿಗೆ ಎಲ್ಲ ಕೇಳಿಸಿತು. ಅವಳ ಮುಖ ನೋಡಿದಾಗ ನನ್ನ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹೊಳೆಯಿತು. ಒಡಪು ಹೇಳಲಿಲ್ಲ, ಆದ್ದರಿಂದ ಕಳ್ಳ ಎಂಬ ಸೂತ್ರ ಎಲ್ಲರಿಗೂ ಸರಿ, ಕಾಕಾ ಒಬ್ಬರನ್ನು ಬಿಟ್ಟು. ಕಾಕಾ ಅದನ್ನು ಯಾವತ್ತೂ ಹೇಳಿದವರಲ್ಲ. ಖರೇ ಕಾಕಾ ಆಗಿದ್ದರೂ ಸುಮ್ಮನೇ ಇರುತ್ತಿದ್ದರು. ಅಜ್ಜಿ ಅವರ ಫೋನ್ ಕತ್ತರಿಸಿದ್ದಾಳೆ ಹನ್ನೊಂದು ಸಲ. ಇದು ಹನ್ನೆರಡನೆಯದೋ ಏನೋ?

ಕಾಕಾಗೆ ಫೋನ್ ಹಚ್ಚಿದೆವು. ಎತ್ತಲಿಲ್ಲ. ಚಿಗವ್ವನಿಗೆ ಹಚ್ಚಿದರೆ, ಬೆಳಿಗ್ಗೆಯೇ ಗಾಡಿ ತೆಗೆದುಕೊಂಡು ಸಾಲಗುಂದಕ್ಕೆ ಯಾರದೋ ಗದ್ದೆಯ ರೋಗ ನೋಡಲು ಹೋಗಿದ್ದಾರೆ ಎಂದರು. ಗಾಡಿ ಎಂಬ ಮಾತಿಗೆ ಅಜ್ಜಿ ಕಣ್ಣು ಮುಚ್ಚಿದಳು. ಆಮೇಲೆ ಇಪ್ಪತ್ತೆರಡು ನಿಮಿಷ. ಆ ಇಪ್ಪತ್ತೆರಡು ನಿಮಿಷ ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ. ಅಜ್ಜ ಎದ್ದು ಬಂದು ಅಜ್ಜಿಯ ಪಕ್ಕ ಕೂತ. ಅಜ್ಜಿ ಒಂದೇ ಮಾತನ್ನು ಮೂರು ಸಲ ಅಂದಳು: ಮಗ ಅತ್ತರೂ ಹಾಡು ಹೇಳು ಅಂದೆನಲ್ಲ.

ಫೋನ್ ಬಡಿಯಿತು. ಕಾಕಾನದೇ ನಂಬರು. “ಏನವ್ವಾ, ಹದಿನೆಂಟು ಮಿಸ್ ಕಾಲ್ ಅದಾವ. ಗದ್ದಿಯಾಗ ಇದ್ದೆ.”

ಅಷ್ಟು ಕೇಳಿದರೆ ನನಗೆ ಸಾಕಾಗಿತ್ತು. ಅಜ್ಜಿಗೆ ಸಾಕಾಗಲಿಲ್ಲ. ಅದೇ ದನಿಯನ್ನು ಅರ್ಧ ಗಂಟೆಯ ಹಿಂದೆ ಕೇಳಿದ್ದಳು. ಒಡೆದ ದನಿಯಲ್ಲಿ, “ಕಾಲುವಿಗೆ ನೀರು ಬಂತು ನಸುಕಿನ್ಯಾಗ” ಎಂದಳು.

ಆ ಕಡೆ ಮಳೆಯ ಸದ್ದು, ಹಿಂದೆ ನಾಲ್ಕಾರು ರೈತರ ಮಾತು. ತಾಯಿಯ ದನಿಯಲ್ಲಿ ಕಾಕಾಗೆ ಏನು ಕೇಳಿಸಿತೋ ಗೊತ್ತಿಲ್ಲ. ಗಂಟಲು ಸರಿಮಾಡಿಕೊಂಡು, ಬೀಜದ ಧಾರಣೆ ಹೇಳುವ ಜೋರು ದನಿಯಲ್ಲಿ ಹೇಳಿದರು.

“ಸುಮಂಗಲಾ ನಕ್ಕರ ದೀಪ ಮನಿಯಾಗ.”

ಒಂದು ಅಕ್ಷರ ತಪ್ಪಲಿಲ್ಲ. ಅಂದರೆ ಎಂದೋ ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ಸಾಲಗುಂದದ ಗದ್ದೆಯ ಬದುವಿನ ಮೇಲೆ ರೈತರು ಹೋ ಎಂದು ನಕ್ಕದ್ದು ಮಸ್ಕಿಯ ನಮ್ಮ ಅಡುಗೆಮನೆಯಲ್ಲಿ ಕೇಳಿಸಿತು. ಅಜ್ಜಿ ನಗಲಿಲ್ಲ. ಫೋನನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಕೆನ್ನೆಗೆಲ್ಲ ಗುರೆಳ್ಳಿನ ಪುಡಿ ಹತ್ತಿತ್ತು.

ಸುದ್ದಿ ಕಾಕಾಗಿಂತ ಮೊದಲೇ ಸಿಂಧನೂರು ಮುಟ್ಟಿತು. ಗೊಬ್ಬರಕ್ಕೆ ಬಂದ ರೈತರು, “ದೀಪ ಹಚ್ಚ್ಯಾರೇನ್ರೀ ಮನಿಯಾಗ?” ಎಂದು ಕೇಳಿಯೇ ಚೀಲ ಎತ್ತುತ್ತಿದ್ದರು. ಚಿಗವ್ವ ಮೂರು ದಿನ ಅಂಗಡಿಗೆ ತಾವೇ ಬುತ್ತಿ ಒಯ್ದರು, ಯಾರಾದರೂ ಮತ್ತೊಮ್ಮೆ ಕೇಳುತ್ತಾರೇನೋ ಎಂದು.

ಮಹಾನವಮಿ ಹಬ್ಬಕ್ಕೆ ಕಾಕಾ ಮಸ್ಕಿಗೆ ಬಂದರು. ಬನ್ನಿ ಕೊಟ್ಟು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ನೋಟ್‌ಬುಕ್ ತಾ ಎಂದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನಾಪಾಸು ಐದು, ಪಾಸು ಎರಡು. ಮೂರನೆಯದು ಇಮ್ರಾನ್ ಮಾಡಿದ್ದಲ್ಲ, ಆದ್ದರಿಂದ ಅದಕ್ಕೆ ಎಳೆದ ಗೆರೆಯನ್ನು ಹೊಡೆದು ಹಾಕಿದ್ದೇನೆ ಎಂದೆ.

ಕಾಕಾ ಪುಟವನ್ನು ಬಹಳ ಹೊತ್ತು ನೋಡಿದರು. “ಮೂರನೇ ಪರೀಕ್ಷೆ ಸಾಲಗುಂದಾದಾಗ ನಾ ಬರದೀನಿ. ಪಾಸಾಗೀನಿ. ಅದನ್ನ ಹಿಡಕೋ” ಅಂದರು. ಆಮೇಲೆ ಚೀಲದಿಂದ ಒಂದು ಸ್ಟ್ಯಾಂಡ್ ತೆಗೆದು ಅಜ್ಜಿಯ ಮುಂದಿಟ್ಟರು. ಫೋನನ್ನು ಅದಕ್ಕೆ ಸಿಕ್ಕಿಸಿದರೆ ಜಂತಿಯ ಬದಲು ಮುಖ ಕಾಣುತ್ತದೆ. ಇಂಥದ್ದೇ ಇನ್ನೊಂದು ಮುದಗಲ್‌ಗೂ ಕಳಿಸಿದ್ದರು. ಕಾಕಾರ ಐದನೆಯ ನಗು ಅವತ್ತು ಬರೆದುಕೊಂಡೆ.

ಬಸ್ ನಿಲ್ದಾಣದಲ್ಲಿ ಇಷ್ಟೆಲ್ಲ ನೆನಪು ಮಾಡಿಕೊಳ್ಳುತ್ತಿರುವಾಗ ನನ್ನ ಫೋನ್ ಬಡಿಯಿತು. ಅಜ್ಜಿ. ಸಣ್ಣಜ್ಜಿಗೆ ಕಳಿಸಿದ ಚಟ್ನಿಯ ಡಬ್ಬಿ ನನ್ನ ಚೀಲದಲ್ಲಿತ್ತು, ಬಸ್ ಸಿಕ್ಕಿತೋ ಇಲ್ಲವೋ ಕೇಳಲು ಮಾಡಿದ್ದಳು. ನಾನು ಬದನೆಕಾಯಿ, ರೊಟ್ಟಿ ಎಂದು ಶುರು ಮಾಡಿದೆ.

“ಅದು ರದ್ದಾಗೇತಿ” ಅಂದಳು. “ಲಗ್ನಾಗಿ ಮೂರು ತಿಂಗಳಾತು. ಹೊಸಾದು ಹೇಳು. ಮಸ್ಕಿ ಗುಡ್ಡದ ಮ್ಯಾಲ ಮೋಡದ ನೆರಳು.”

ಇಲ್ಲಿ ಜನ ಇದ್ದಾರೆ ಅಜ್ಜಿ, ನಾನೇ ಸಹನಾ ಎಂದೆ. ಎಲ್ಲಾರೂ ಹಂಗ ಅಂತಾರ ಎಂದು ಕತ್ತರಿಸಿದಳು. ನಾನೇ ತಿರುಗಿ ಹಚ್ಚಿದೆ. ಅವಳು ಮತ್ತೆ ಗುಡ್ಡ, ಮತ್ತೆ ನೆರಳು. ಕಾಕಾ ಗದ್ದೆಯ ಬದುವಿನ ಮೇಲೆ ನಿಂತದ್ದು ನೆನಪಾಯಿತು. ಕೈಯಿಂದ ಬಾಯಿ ಮರೆಮಾಡಿಕೊಂಡು ಹೇಳಿದೆ: “ಪ್ರಶಾಂತರ ಹೆಸರು ಹೇಳತಾಳ ಶರಣಪ್ಪಜ್ಜನ ಮೊಮ್ಮಗಳು.”

ಗುರೆಳ್ಳು ಚಟ್ನಿಯ ಹೆಂಗಸು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಕಡೆ ಪೂರ್ತಿ ತಿರುಗಿದಳು. “ನಂಗ ಹೆಸರು ಕೇಳಿಸಲಿಲ್ಲವ್ವ. ಜರಾ ಜೋರಾಗಿ ಹೇಳು.”

“ಯಾರಬೇ ಅವರು? ಖರೇ ಹೇಳಾಕತ್ತಾರ” ಅಂದಳು ಅಜ್ಜಿ ಫೋನಿನೊಳಗಿಂದ. “ನಂಗೂ ಅರ್ಧಾನ ಕೇಳಿಸ್ತು.”

ನಾನು ಎದ್ದು ನಿಂತು ಜೋರಾಗಿ ಹೇಳಿದೆ. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: ಲಿಂಗಸುಗೂರು ಬಸ್ ನಿಲ್ದಾಣ, ಮಧ್ಯಾಹ್ನ ಮೂರೂ ಹತ್ತು. ಪಾಸು, ಮೂರನೇ ಸಲಕ್ಕೆ. ಮುದಗಲ್ ಬಸ್ ಅಷ್ಟರಲ್ಲಿ ಹೋಯಿತು.